ಪಟ್ಟಣಕ್ಕೆ ಹೋದವಳನ್ನು ಕಂಡು ನಕ್ಕ ನಗು

'ಪಟ್ಟಣಕ್ಕೆ ಬಂದ ಪತ್ನಿಯರು' ತೆರೆಗೆ ಬಂದದ್ದು 1980ರಲ್ಲಿ. ಅದು ಕಾರ್ಕಳ ಮುಟ್ಟುವಾಗ ನಾನು ಎಂಟನೇ ಕ್ಲಾಸು. ಕುಕ್ಕುಂದೂರಿನಿಂದ ಜೋಡುರಸ್ತೆ ದಾಟಿ ನಡೆದೇ ಹೋಗಿದ್ದೆವು. ಬಸ್ಸಿನ ದುಡ್ಡು ನೆಲಗಡಲೆಗೆ ಬೇಕಿತ್ತು. ಎಲ್ಲರಿಗಿಂತ ಮುಂದೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎ.ವಿ. ಶೇಷಗಿರಿರಾಯರ ಚಿತ್ರ. ಶ್ರೀನಾಥ್, ಲೋಕೇಶ್, ಮಂಜುಳಾ, ಪದ್ಮಪ್ರಿಯಾ. ಕಥೆ ಇಷ್ಟೇ: ಹಳ್ಳಿಯ ಇಬ್ಬರು ಹೆಂಡಂದಿರಿಗೆ ಪಟ್ಟಣದ ಹುಚ್ಚು. ಹೋಗುತ್ತಾರೆ, ಪೇಚಿಗೆ ಸಿಕ್ಕಿಬೀಳುತ್ತಾರೆ, ಬುದ್ಧಿ ಕಲಿತು ಗಂಡಂದಿರ ಜತೆ ಊರಿಗೆ ಮರಳುತ್ತಾರೆ. ಎರಡೇ ವರ್ಷದಲ್ಲಿ ಇದು ತೆಲುಗಿಗೂ ಹೋಯಿತು, ಅಲ್ಲಿ ಚಿರಂಜೀವಿ. ಅಂದರೆ ಈ ನಗುವಿಗೆ ಗಿರಾಕಿಗಳು ಎಲ್ಲ ಕಡೆ ಇದ್ದರು.

ಮೊನ್ನೆ ನನ್ನ ಮಗಳು ಅದನ್ನೇ ಮೊಬೈಲಿನಲ್ಲಿ ಹಾಕಿ ಚಿಕ್ಕಮ್ಮನ ಮುಂದೆ ಇಟ್ಟಳು. ಚಿಕ್ಕಮ್ಮನಿಗೆ ಈಗ ಎಪ್ಪತ್ತು ದಾಟಿದೆ, ನಮ್ಮ ಜತೆಗೇ ಇದ್ದಾಳೆ. ನಾನೂ ಪಕ್ಕದಲ್ಲಿ ಕೂತೆ. ಎರಡು ಮೂರು ಕಡೆ ನನಗೆ ನಗು ಬಂತು, ಸುಳ್ಳು ಹೇಳುವುದಿಲ್ಲ. ಚಿಕ್ಕಮ್ಮ ನಗಲಿಲ್ಲ. ಮುಗಿದ ಮೇಲೆ ತುಳುವಿನಲ್ಲಿ ಒಂದೇ ಮಾತು ಕೇಳಿದಳು: "ಅವರಿಗೆ ಹಿಂದೆ ಬರಲಿಕ್ಕೆ ಮನೆ ಉಂಟಲ್ಲ ಮಗಾ?"

ಚಿಕ್ಕಮ್ಮನೂ ಪಟ್ಟಣಕ್ಕೆ ಹೋದವಳು. ಬೊಂಬಾಯಿಗೆ. ಹುಚ್ಚಿನಿಂದ ಹೋದದ್ದಲ್ಲ. 1974ರ ಭೂಸುಧಾರಣೆ ಗೇಣಿದಾರನಿಗೆ ಗದ್ದೆ ಕೊಟ್ಟಿತು, ಅದು ದೊಡ್ಡ ಕೆಲಸವೇ, ಅಲ್ಲಗಳೆಯುವುದಿಲ್ಲ. ಆದರೆ ನಮ್ಮವರು ಗೇಣಿದಾರರಲ್ಲ, ಗೇಣಿದಾರನ ಗದ್ದೆಗೂ ಧಣಿಯ ಗದ್ದೆಗೂ ಇಳಿಯುವ ಕೂಲಿಯಾಳುಗಳು. ಗೇಣಿ ಚೀಟಿ ಇಲ್ಲದವರಿಗೆ ಯಾವ ಗದ್ದೆ? ಚಿಕ್ಕಮ್ಮ ಗಂಡನ ಜತೆ ಬಸ್ಸು ಹತ್ತಿ ಬೊಂಬಾಯಿಯಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದಳು. ನಾನು ಸಿನಿಮಾ ನೋಡಿದ ವರ್ಷವೇ, ಮಳೆಗಾಲ ಮುಗಿದ ಮೇಲೆ ಊರಿಗೆ ಬಂದಳು. ನೈಲಾನ್ ಸೀರೆ, ಕಾಲಿಗೆ ಚಪ್ಪಲಿ, ಮಾತಿನ ನಡುವೆ ನಾಲ್ಕು ಹಿಂದಿ ಶಬ್ದ. "ಪಟ್ಟಣಕ್ಕೆ ಬಂದ ಪತ್ನಿ!" ಅಂತ ಮೊದಲು ಕೂಗಿದವನು ನಾನು. ಕೇರಿಯ ಮಕ್ಕಳೆಲ್ಲ ಹಿಂದೆ ಬಿದ್ದರು. ದೊಡ್ಡವರೂ ನಕ್ಕರು.

ಮಾರನೆಯ ದಿನ ಅವಳು ಚಪ್ಪಲಿ ಹಾಕಿಕೊಂಡೇ ಧಣಿಗಳ ಅಂಗಳದ ಬದಿಯಿಂದ ಹಾದುಹೋದಳು. ಅಲ್ಲಿಯೂ ಮೊದಲು ಕೇಳಿದ್ದು ನಗುವೇ. "ಏನು, ಬೊಂಬಾಯಿಯ ದೊಡ್ಡಮ್ಮ!" ಅಂತ. ಅವಳು ನಿಲ್ಲಲಿಲ್ಲ. ಆಮೇಲೆ ನಗು ನಿಂತಿತು. ಸಂಜೆ ಅಪ್ಪನಿಗೆ ಕರೆ ಬಂತು. ಅಪ್ಪ ಹೋಗಿ ಕೈಮುಗಿದು ನಿಂತು ಬಂದ. ಮೂರನೇ ದಿನ ಚಿಕ್ಕಮ್ಮ ಬೊಂಬಾಯಿ ಬಸ್ಸು ಹತ್ತಿದಳು. ಇಪ್ಪತ್ತು ವರ್ಷ ಈ ಕಡೆ ತಲೆ ಹಾಕಲಿಲ್ಲ.

ಗೆಳೆಯರೇ, ತಮಾಷೆಯ ಸಿನಿಮಾ ಕೂಡದು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಹಾಸ್ಯವೆಲ್ಲ ಮೇಲ್ಜಾತಿಯ ಅಫೀಮು ಎನ್ನುವ ನಮ್ಮ ಕೆಲವು ಸಂಗಾತಿಗಳ ಮಾತು ನನಗೆ ಒಪ್ಪಿಗೆಯಿಲ್ಲ. ದಿನವಿಡೀ ದುಡಿದವನಿಗೆ ನಗಲಿಕ್ಕೂ ಹಕ್ಕಿಲ್ಲವೇ? ನನ್ನ ಪ್ರಶ್ನೆ ಬೇರೆ. ತನ್ನದಲ್ಲದ ಜಾಗದಲ್ಲಿ ನಿಂತವನನ್ನು ಕಂಡರೆ ನಮಗೆ ನಗು ಬರುತ್ತದಲ್ಲ, ಆ ಜಾಗ ಅವನದಲ್ಲ ಎಂದು ತೀರ್ಮಾನಿಸಿದವರು ಯಾರು?

ಇದೇ ಲೋಕೇಶ್ ಎರಡು ವರ್ಷ ಮೊದಲು, 1978ರಲ್ಲಿ, 'ಪರಸಂಗದ ಗೆಂಡೆತಿಮ್ಮ'ನಾಗಿದ್ದರು, ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯ ಸಿನಿಮಾ. ಅಲ್ಲಿ ಪೇಟೆಯ ರುಚಿ ಹತ್ತಿದ ಮರಂಕಿ ಹಳ್ಳಿಗೆ ಸೊಸೆಯಾಗಿ ಬರುತ್ತಾಳೆ. ಹಳ್ಳಿ ಅವಳನ್ನು ತಾಳುವುದಿಲ್ಲ. ಪೇಟೆಯ ಹೆಣ್ಣು ಹಳ್ಳಿಗೆ ಬಂದರೆ ದುರಂತ, ಹಳ್ಳಿಯ ಹೆಣ್ಣು ಪೇಟೆಗೆ ಹೋದರೆ ಪ್ರಹಸನ. ಎರಡರಲ್ಲೂ ತಪ್ಪು ಕಾಲಿಟ್ಟವಳದೇ. ಗಂಡಸಾದರೆ ಲೆಕ್ಕ ಬೇರೆ: 1969ರ 'ಮೇಯರ್ ಮುತ್ತಣ್ಣ'ದಲ್ಲಿ ಹಳ್ಳಿಯಿಂದ ಪಟ್ಟಣ ಸೇರಿದ ರಾಜಕುಮಾರ್ ಮೇಯರೇ ಆಗುತ್ತಾರೆ!

ಇನ್ನು ನಮ್ಮ ಕಡೆಯ ಮಾತು. ಈ ತುಳುನಾಡಿನಲ್ಲಿ ನಗೆಗೆ ಈಡಾಗುವುದೇ ಒಂದು ಜನಾಂಗದ ಬಿಟ್ಟಿಚಾಕರಿಯಾಗಿತ್ತು. ಕಂಬಳಕ್ಕೆ ಮೊದಲು ಕೊರಗರನ್ನು ಕೋಣಗಳ ಹಾಗೆ ಓಡಿಸುವುದು, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಇಂಥವನ್ನು ನಿಲ್ಲಿಸಲು 2000ದಲ್ಲಿ ಅಜಲು ನಿಷೇಧ ಕಾಯ್ದೆಯನ್ನೇ ತರಬೇಕಾಯಿತು. ಅಷ್ಟಮಿಗೆ ಮೈಗೆ ಮಸಿ ಬಳಿದುಕೊಂಡು ಕೊರಗ ವೇಷ ಹಾಕುತ್ತಿದ್ದವರನ್ನು ಕೇಳಿದರೆ ಸಿಗುತ್ತಿದ್ದ ಉತ್ತರ, "ತಮಾಷೆಗೆ ಮಾರಾಯ್ರೆ." ಹೌದು, ತಮಾಷೆಗೇ. ಧಣಿಗಳ ಅಂಗಳದಲ್ಲಿ ಚಿಕ್ಕಮ್ಮನ ಚಪ್ಪಲಿ ಕಂಡು ನಕ್ಕದ್ದೂ ತಮಾಷೆಗೇ. ದೊಣ್ಣೆ ಎತ್ತುವ ಮೊದಲು ಕೊಡುವ ಎಚ್ಚರಿಕೆ ಅದು. ನಗುವಿಗೆ ಹೆದರಿ ಚಪ್ಪಲಿ ಕೈಗೆ ತೆಗೆದುಕೊಂಡರೆ ದೊಣ್ಣೆಯ ಖರ್ಚು ಉಳಿಯುತ್ತದೆ.

1917ರಲ್ಲಿ ಚಾರ್ಲಿ ಚಾಪ್ಲಿನ್ ವಲಸೆಗಾರನ ಮೇಲೆ ಒಂದು ಚಿಕ್ಕ ಚಿತ್ರ ಮಾಡಿದ. ಹಡಗಿನಲ್ಲಿ ಅಮೆರಿಕಕ್ಕೆ ಬರುವ ಬಡವರು. ಸ್ವಾತಂತ್ರ್ಯದೇವಿಯ ಪ್ರತಿಮೆ ಕಾಣುತ್ತಿದ್ದ ಹಾಗೆ ಅಧಿಕಾರಿಗಳು ಅವರನ್ನು ಹಗ್ಗದಿಂದ ತಡೆದು ನಿಲ್ಲಿಸುತ್ತಾರೆ. ಚಾರ್ಲಿ ಒಬ್ಬ ಅಧಿಕಾರಿಯ ಹಿಂಭಾಗಕ್ಕೆ ಒದೆಯುತ್ತಾನೆ. ನಾವು ನಗುತ್ತೇವೆ, ಆದರೆ ಯಾರ ಮೇಲೆ? ಹಗ್ಗ ಹಿಡಿದವನ ಮೇಲೆ.

ಅದೇ 1917ರಲ್ಲಿ ಅಂಬೇಡ್ಕರ್ ಕೊಲಂಬಿಯಾದಲ್ಲಿ ಓದಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದರು. ಉಳಿಯಲು ಜಾಗವಿಲ್ಲ. ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಪಾರ್ಸಿ ವಸತಿಗೃಹದಲ್ಲಿ ಇದ್ದರು. ನೋಡಿ, ಸುಳ್ಳು ಹೆಸರಿನಲ್ಲಿ ಬಾಡಿಗೆ ಮನೆ ಹಿಡಿಯುವುದು ನಮ್ಮ ಎಷ್ಟು ಹಾಸ್ಯಚಿತ್ರಗಳ ಬಂಡವಾಳ! ಗುಟ್ಟು ರಟ್ಟಾಗುವ ಗಳಿಗೆಗಾಗಿಯೇ ಜನ ಕಾಯುತ್ತಾರೆ. ಬರೋಡಾದಲ್ಲಿ ಹನ್ನೊಂದನೇ ದಿನ ಗುಟ್ಟು ರಟ್ಟಾಯಿತು. ಬಡಿಗೆ ಹಿಡಿದ ಪಾರ್ಸಿಗಳು ಬಾಗಿಲಲ್ಲಿ ನಿಂತಿದ್ದರು. ಅದೇ ಕಥೆ, ಅದೇ ತಿರುವು. ಯಾಕೆ ನಗು ಬರುವುದಿಲ್ಲ? ಸಿನಿಮಾದ ನಾಯಕ ಸಿಕ್ಕಿಬಿದ್ದರೆ ತನ್ನ ಮನೆಗೆ ಹೋಗುತ್ತಾನೆ. ಇವರು ಸಿಕ್ಕಿಬಿದ್ದರೆ ಹೋಗಲು ಆ ಊರಿನಲ್ಲಿ ಜಾಗವೇ ಇರಲಿಲ್ಲ. ಸ್ನೇಹಿತರೂ ನೆಪ ಹೇಳಿದರು.

ಚಿಕ್ಕಮ್ಮ ಕೇಳಿದ್ದೂ ಇದನ್ನೇ. 'ಪತ್ನಿಯರು' ನಗಿಸುವುದು ಅವರಿಗಾಗಿ ಊರಿನಲ್ಲಿ ಒಂದು ಬಾಗಿಲು ತೆರೆದಿರುವುದರಿಂದ. ಕೊನೆಯಲ್ಲಿ ಎಲ್ಲರೂ ಊರಿಗೆ ಮರಳಿದಾಗ ಸಮಾಧಾನ ಅನ್ನಿಸುತ್ತದೆ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳುವವರನ್ನು ಅಂಬೇಡ್ಕರ್ ತರಾಟೆಗೆ ತೆಗೆದುಕೊಂಡದ್ದನ್ನು ಹಲವರು ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸದವರು ಚಿಕ್ಕಮ್ಮನ ಆ ಮೂರು ದಿನಗಳನ್ನು ಊರಿನಲ್ಲಿ ಕಳೆದು ನೋಡಬೇಕು.

ಹಾಗಾದರೆ ಹದಿಮೂರು ವರ್ಷದ ನನ್ನ ನಗು? ಹುಡುಗ, ತಿಳಿಯದೆ ನಕ್ಕದ್ದು ಅಂತ ಇಷ್ಟು ವರ್ಷ ಸಮಾಧಾನ ಹೇಳಿಕೊಂಡಿದ್ದೆ. ಸಿನಿಮಾ ಮತ್ತೆ ನೋಡಿದ ರಾತ್ರಿ ನಿದ್ದೆ ಬರಲಿಲ್ಲ, ಬೇರೊಂದು ನೆನಪು ಬಂತು. ಅದೇ ವರ್ಷ ಧಣಿಗಳ ಸೊಸೆಯೂ ಬೊಂಬಾಯಿಯಿಂದ ಬಂದಿದ್ದರು. ಕಪ್ಪು ಕನ್ನಡಕ, ಎತ್ತರದ ಹಿಮ್ಮಡಿಯ ಚಪ್ಪಲಿ. ಗದ್ದೆಯ ಬದುವಿನಲ್ಲಿ ನಡೆಯಲಾಗದೆ ಕಾಲು ಜಾರಿ ಕೆಸರಿನಲ್ಲಿ ಕೂತುಬಿಟ್ಟರು. ಸಿನಿಮಾಕ್ಕೆ ಹೇಳಿ ಮಾಡಿಸಿದ ದೃಶ್ಯ. ನಾವು ಆರೇಳು ಮಕ್ಕಳು ಅಲ್ಲೇ ಇದ್ದೆವು. ಒಬ್ಬನೂ ನಗಲಿಲ್ಲ. ಯಾರಿಗೆ ನಗಬೇಕು, ಯಾರಿಗೆ ಕೂಡದು ಎಂಬುದು ನನಗೆ ಚೆನ್ನಾಗಿ ತಿಳಿದಿತ್ತು.

ಬೆಳಿಗ್ಗೆ ಚಿಕ್ಕಮ್ಮನನ್ನು ಕೇಳಿಯೇಬಿಟ್ಟೆ, ನಾನು ಹಾಗೆ ಕೂಗಿದ್ದು ನೆನಪುಂಟಾ ಅಂತ.

"ಉಂಟು. ನೀನೊಬ್ಬನಾ? ನಿನ್ನ ಅಪ್ಪನೂ ನಕ್ಕದ್ದು," ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳ ಕಡೆ ತಿರುಗಿ ಯಾವುದಾದರೂ ತುಳು ನಾಟಕ ಹಾಕು ಅಂದಳು. ಅದರಲ್ಲಿ ಬೊಂಬಾಯಿಯಿಂದ ಬಂದ ಸೇಟು ಒಬ್ಬ ಇದ್ದ, ಕೊರಳ ತುಂಬ ಚಿನ್ನದ ಸರ. ಮನೆ ಕೆಲಸದವನು ಅವನನ್ನು ಗೋಳು ಹೊಯ್ದುಕೊಳ್ಳುವುದು ಕಂಡು ಚಿಕ್ಕಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.