ಹಸಿವು ಉಪವಾಸವಲ್ಲ

ಅಷ್ಟಮಿ, ಚತುರ್ದಶಿಗಳಂದು ಶ್ರಾವಕನು ಸ್ವೇಚ್ಛೆಯಿಂದ ಆಹಾರವನ್ನು ತ್ಯಜಿಸುತ್ತಾನೆ. ಬಸ್ ನಿಲ್ದಾಣದ ಮೂಲೆಯಲ್ಲಿ ಮಲಗಿದ ನಿರ್ಗತಿಕನೂ ಅಂದು ಉಂಡಿರುವುದಿಲ್ಲ. ಇಬ್ಬರ ಉದರವೂ ಬರಿದು; ಆದರೆ ಒಬ್ಬನದು ವ್ರತ, ಇನ್ನೊಬ್ಬನದು ಸಂಕಟ. ತತ್ತ್ವಾರ್ಥಸೂತ್ರವು ವ್ರತಿಗಳನ್ನು ಅಗಾರಿ, ಅನಗಾರ ಎಂದು ವಿಂಗಡಿಸುತ್ತದೆ. ಮನೆಯ ಮೋಹವನ್ನೇ ತೊರೆದ ಮುನಿಯು ಅನಗಾರ. ಮನೆಯನ್ನು ಕಳೆದುಕೊಂಡು ಬೀದಿಗೆ ಬಿದ್ದವನು ಅನಗಾರನಲ್ಲ, ನಿರಾಶ್ರಿತ. ತ್ಯಾಗವಿಲ್ಲದ ಕೊರತೆಯು ಅಪರಿಗ್ರಹವಾಗಲಾರದು.

ನಾಗಮಂಗಲ ತಾಲ್ಲೂಕಿನ ಹೊಣಕೆರೆಯಂತಹ ಗ್ರಾಮಗಳಿಂದ ಮೈಸೂರು, ಬೆಂಗಳೂರುಗಳಿಗೆ ವಿದ್ಯಾರ್ಜನೆಗೆ ತೆರಳುವ ತರುಣರು ಈ ಭೇದವನ್ನು ಕಣ್ಣಾರೆ ಕಾಣುತ್ತಾರೆ. 2011ರ ಜನಗಣತಿಯು ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಮಂದಿಯನ್ನು ವಸತಿಹೀನರೆಂದು ಎಣಿಸಿತು. ಇಂಥವರಿಗಾಗಿ ವಿದ್ಯಾರ್ಥಿಗಳು ಮನೆಮನೆಯಿಂದ ಅಕ್ಕಿ, ಬಟ್ಟೆ, ಕಂಬಳಿಗಳನ್ನು ಸಂಗ್ರಹಿಸಿ ಹಂಚುವುದುಂಟು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಧ್ಯೇಯವೂ 'ನನಗಲ್ಲ, ನಿನಗೆ' ಎಂಬುದೇ ಆಗಿದೆ.

ಇಲ್ಲಿ ಹಿರಿಯರಲ್ಲಿ ಎರಡು ಶಂಕೆಗಳು ಏಳಬಹುದು. ಬೀದಿಯಲ್ಲಿ ಮಲಗಿದವನು ದಾನಕ್ಕೆ ಪಾತ್ರನೇ ಎಂಬುದು ಮೊದಲನೆಯದು. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಯನ್ನು ನಾಲ್ಕು ಬಗೆಯಾಗಿ ನಿರೂಪಿಸುವಾಗ ಪಾತ್ರದತ್ತಿಯಿಂದ ದಯಾದತ್ತಿಯನ್ನು ಬೇರೆಯಾಗಿಯೇ ಇರಿಸಿದ್ದಾರೆ. ಮುನಿಗೆ ನೀಡುವಲ್ಲಿ ಭಕ್ತಿ, ದೀನನಿಗೆ ನೀಡುವಲ್ಲಿ ಕರುಣೆ. ಕರುಣೆಯು ಯೋಗ್ಯತೆಯನ್ನು ಪರೀಕ್ಷಿಸುವುದಿಲ್ಲ, ದುಃಖವನ್ನು ಕಾಣುತ್ತದೆ.

ಅದು ಅವನ ಕರ್ಮಫಲ, ಅನುಭವಿಸಿಯೇ ತೀರಬೇಕೆಂಬುದು ಎರಡನೆಯದು. ನಿರುಪಾಯನಾಗಿ ಹಸಿವನ್ನು ಸಹಿಸುವುದರಿಂದ ಅಕಾಮನಿರ್ಜರೆಯಾಗುವುದೆಂದು ಶಾಸ್ತ್ರವು ಹೇಳುವುದು ನಿಜ. ಆದರೆ ಅದು ನೋಡುಗನಿಗೆ ಕೈಕಟ್ಟಿ ಕೂರಲು ಇತ್ತ ಅನುಮತಿಯಲ್ಲ. ಸಾತಾವೇದನೀಯದ ಆಸ್ರವಕ್ಕೆ ಕಾರಣಗಳನ್ನು ಹೇಳುವ ಸೂತ್ರವು ವ್ರತಿಗಳ ಮೇಲಣ ಅನುಕಂಪೆಗೂ ಮುನ್ನ ಸಕಲ ಜೀವಿಗಳ ಮೇಲಣ ಅನುಕಂಪೆಯನ್ನೇ ಹೆಸರಿಸಿದೆ. ಅವನ ಕರ್ಮ ಅವನದು. ಕಂಡೂ ಕಾಣದಂತೆ ಸಾಗಿದವನ ಕಾಠಿನ್ಯವು ಇವನದು.

ನಿಜವಾದ ಆಕ್ಷೇಪಣೆಯು ಬೇರೊಂದಿದೆ. ಒಂದು ದಿನ ಹಂಚಿ, ಭಾವಚಿತ್ರ ತೆಗೆಸಿಕೊಂಡು, ಮರುದಿನ ಮರೆಯುವುದು ದಾನವೇ? ದಾತೃವಿನ ಸಪ್ತಗುಣಗಳಲ್ಲಿ ಅಲುಬ್ಧತೆಯೂ ಒಂದು; ಕೀರ್ತಿಯ ಲೋಭವೂ ಲೋಭವೇ. ನಮ್ಮ ನಾಡಿನ ಬಸದಿಗಳ ಶಾಸನಗಳನ್ನು ನೋಡಿದರೆ, ಋಷಿಗಳ ಆಹಾರದಾನಕ್ಕೆಂದು ದಾನಿಗಳು ಒಂದು ದಿನದ ಊಟವನ್ನಲ್ಲ, ಭೂಮಿಯನ್ನೇ ಬಿಟ್ಟಿರುವುದು ಕಾಣುತ್ತದೆ. ನಾಳೆಯೂ ಹಸಿವಾಗುವುದೆಂದು ಅವರು ಅರಿತಿದ್ದರು.

ವಿದ್ಯಾರ್ಥಿಗೆ ಭೂಮಿಯಿಲ್ಲ, ನಿಯಮವನ್ನು ಸ್ವೀಕರಿಸುವ ಶಕ್ತಿಯಿದೆ. ಯಾವಜ್ಜೀವ ಪಾಲಿಸುವುದು ಯಮ, ಕಾಲಮಿತಿಯುಳ್ಳದ್ದು ನಿಯಮ ಎಂದು ಸಮಂತಭದ್ರಾಚಾರ್ಯರು ಭೇದವನ್ನು ತೋರಿದ್ದಾರೆ. ಚಾತುರ್ಮಾಸ ಮುಗಿಯುವವರೆಗೆ ಪ್ರತಿ ಚತುರ್ದಶಿಯಂದು ಇಷ್ಟು ಜನರಿಗೆ ಸೂರ್ಯಾಸ್ತಕ್ಕೆ ಮುನ್ನ ಆಹಾರವೆಂದು ತರುಣರು ನಿಯಮ ತೊಟ್ಟರೆ ಸೇವೆಯು ವ್ರತದ ಅಂಗವಾಗುತ್ತದೆ. ಕಂಬಳಿ, ಔಷಧಗಳಿಗೆ ಹೊತ್ತಿನ ಕಟ್ಟಿಲ್ಲ.

ಹಿರಿಯರ ಪಾತ್ರವೂ ಇದರಲ್ಲಿದೆ. ಪರ್ವದಿನದಂದು ಉಪವಾಸದಿಂದ ಮಿಕ್ಕ ಅಕ್ಕಿಬೇಳೆಯು ಮರಳಿ ಉಗ್ರಾಣವನ್ನು ಸೇರಿದರೆ ಅದು ಉಳಿತಾಯ. ಹಸಿದವನ ಎಲೆಯನ್ನು ಸೇರಿದರೆ ದಾನ. ತಾನಾಗಿ ಹಸಿವನ್ನು ಅರಿತವನು ಅನ್ಯರ ಹಸಿವನ್ನು ಅರಿಯದಿದ್ದರೆ ಆ ಉಪವಾಸವು ಕೇವಲ ಲಂಘನವಾದೀತು.