ಆರಿತ್ತೋ, ಹಸಿಯಿತ್ತೋ

2016ರ ಏಪ್ರಿಲ್. ಮೀರಜದಿಂದ ಲಾತೂರಿಗೆ ಕುಡಿಯುವ ನೀರು ರೈಲಿನಲ್ಲಿ ಬರತೊಡಗಿದ ತಿಂಗಳು. ಉದಗೀರದಲ್ಲಿ ಮದುವೆ ಮುಗಿಸಿಕೊಂಡು ನಿಲಂಗಾ ಹಾದು ಉಮರ್ಗಾಕ್ಕೆ ಹೊರಟಿದ್ದೆವು. ಗಾಡಿ ನನ್ನ ಷಡ್ಡಕನದು, ಹಳೆಯ ಮಾರುತಿ 800. ಹಿಂದಿನ ಸೀಟಿನಲ್ಲಿ ಹೆಂಗಸರು, ಅವರ ತೊಡೆಯ ಮೇಲೆ ಮಕ್ಕಳು. ಕಾಸಾರ ಸಿರ್ಸಿಯ ಹತ್ತಿರ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಅವನು ಗಾಡಿ ಬದಿಗೆ ತೆಗೆಯಲು ನೋಡಿದ. ಮಧ್ಯಾಹ್ನ ಎರಡು ಗಂಟೆ, ಕಣ್ಣು ಹಾಯಿಸಿದಷ್ಟೂ ಒಂದು ಗಿಡದ ನೆರಳಿಲ್ಲ. "ಊರು ಬಂತಲ್ಲ, ನಡೀಲಿ ಬಿಡು" ಅಂದವನು ನಾನು.

ಊರು ಮುಟ್ಟಿದೆವು. ಹೆಡ್ ಗ್ಯಾಸ್ಕೆಟ್ ಹೋಗಿತ್ತು.

ಇಂಜಿನ್ನಿನ ಕೆಳಗಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರುವ ತೆಳು ಹಾಳೆ ಅದು. ಬೆಂಕಿ, ಎಣ್ಣೆ, ನೀರು ಮೂರೂ ಅದರ ತೂತುಗಳಲ್ಲೇ ಓಡಾಡುತ್ತವೆ. ಒಂದರ ದಾರಿಗೆ ಇನ್ನೊಂದು ಬಾರದಂತೆ ತಡೆಯುವುದೇ ಅದರ ಕೆಲಸ. ಇಂಜಿನ್ ಮಿತಿಮೀರಿ ಕಾದರೆ ಅಲ್ಯೂಮಿನಿಯಮ್ ಹೆಡ್ಡು ಕೂದಲೆಳೆಯಷ್ಟು ಡೊಂಕಾಗುತ್ತದೆ, ಹಾಳೆಯ ಹಿಡಿತ ತಪ್ಪುತ್ತದೆ. ಮರುದಿನ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಚಾಲೂ ಮಾಡಿದರೆ ನೀರಿನಲ್ಲಿ ಗುಳ್ಳೆ ಏಳುತ್ತಿದ್ದವು. ಎಣ್ಣೆ ಹಾಕುವ ಮುಚ್ಚಳದ ಒಳಮೈಗೆ ಮೊಸರಿನ ಕೆನೆಯಂಥದ್ದು ಅಂಟಿತ್ತು. ಸೈಲೆನ್ಸರಿನಿಂದ ಬಿಳಿ ಹೊಗೆ. ಇನ್ನು ಸಂಶಯಕ್ಕೆ ಎಡೆಯಿರಲಿಲ್ಲ.

ಮೂಲ ಕಾರಣ ಆ ಮಧ್ಯಾಹ್ನದ್ದಲ್ಲ. ಎರಡು ಬರಗಾಲಗಳಿಂದ ಆ ರೇಡಿಯೇಟರಿಗೆ ಬೋರಿನ ಗಡಸು ನೀರೇ ಬೀಳುತ್ತಿತ್ತು. ಆ ಕಡೆಯ ಮನೆಗಳಲ್ಲಿ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವುದನ್ನು ಯಾರೂ ನೋಡಬಹುದು. ಅದೇ ಪದರ ಇಂಜಿನ್ನಿನ ನೀರುದಾರಿಯಲ್ಲೂ ಕಟ್ಟುತ್ತದೆ, ಅಲ್ಲಿ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಆದರೂ ಕೆಂಪು ಗೆರೆಯ ಮೇಲೆ ಮುಳ್ಳು ನಿಂತಾಗ ಗಾಡಿ ನಿಲ್ಲಿಸಿದ್ದರೆ ಇಷ್ಟಾಗುತ್ತಿರಲಿಲ್ಲ. ಆ ಪಾಲು ನನ್ನದು.

ಅವನ ಮುಂದೆ ಮೂರು ದಾರಿಗಳಿದ್ದವು. ಲೀಕು ನಿಲ್ಲಿಸುವ ಪುಡಿ ಹಾಕಿ, ಬಿಳಿ ಹೊಗೆ ನಿಂತ ವಾರದಲ್ಲೇ ಮಾರಿಬಿಡು ಎಂದವರಿದ್ದರು. ಅದರ ಬಗ್ಗೆ ಮಾತು ಬೆಳೆಸುವುದಿಲ್ಲ. ಅದು ರಿಪೇರಿಯಲ್ಲ, ತನ್ನ ನಷ್ಟವನ್ನು ಹೆಸರು ಗೊತ್ತಿಲ್ಲದ ಒಬ್ಬನ ತಲೆಗೆ ಕಟ್ಟುವುದು. ಎರಡನೆಯದು ಗ್ಯಾರೇಜು. ಉಮರ್ಗಾ ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಊರು, ಮಿಸ್ತ್ರಿಗಳಿಗೆ ಕೊರತೆಯಿಲ್ಲ. ಆದರೆ ಗ್ಯಾಸ್ಕೆಟ್ಟಿಗೆ ಕೆಲವೇ ನೂರು ರೂಪಾಯಿ, ಕೂಲಿ ಅದರ ಹತ್ತಾರು ಪಟ್ಟು. ಮೂರನೆಯದು, ತಾನೇ ಮಾಡುವುದು. ಅವನು ಜಿಲ್ಲಾ ಪರಿಷತ್ ಶಾಲೆಯ ಮಾಸ್ತರ. ಮನೆಯ ಪಂಪು, ಶಾಲೆಯ ಫ್ಯಾನು ಎಲ್ಲವನ್ನೂ ಬಿಚ್ಚಿ ಜೋಡಿಸಿದ ಕೈ. ದುಡ್ಡು ಉಳಿಯುತ್ತದೆ ಎಂಬುದು ಕಾರಣವೇ. ತಾನು ದಿನಾ ನಂಬಿ ಕೂರುವ ಯಂತ್ರದ ಒಳಗನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಆಸೆಯೂ ಅಷ್ಟೇ ದೊಡ್ಡ ಕಾರಣ. ಆ ಆಸೆಯನ್ನು ನಾನು ಕಡಿಮೆ ಮಾಡಿ ಹೇಳಲಾರೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ, 796 ಸಿಸಿಯ, ಮೂರು ಸಿಲಿಂಡರಿನ ಆ ಪುಟ್ಟ ಇಂಜಿನ್ ಕಲಿಯುವವನ ಕೈಗೆ ದಕ್ಕುವಂಥದ್ದೂ ಹೌದು. ಈಗಿನ ಡೀಸೆಲ್ ಗಾಡಿಗಳ ಮಾತು ಬೇರೆ. ಅವುಗಳಲ್ಲಿ ಅಳತೆ ನೋಡಿ ಇಂತಿಷ್ಟೇ ದಪ್ಪದ ಗ್ಯಾಸ್ಕೆಟ್ ಆರಿಸಬೇಕು, ಎಷ್ಟೋ ಇಂಜಿನ್ನುಗಳ ಹೆಡ್ ಬೋಲ್ಟುಗಳು ಒಮ್ಮೆ ಹಿಗ್ಗಿದರೆ ಮತ್ತೆ ಬರುವುದಿಲ್ಲ. ಅಂಥದ್ದಕ್ಕೆ ಮನೆಯಂಗಳದಲ್ಲಿ ಕೈ ಹಾಕಬಾರದು ಎಂದೇ ನನ್ನ ಅಭಿಪ್ರಾಯ.

ಬೋಲ್ಟು ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ರೆಂಚ್ ಕೇಳಲು ಹೆದ್ದಾರಿಯ ಬದಿಯ ವಯಸ್ಸಾದ ಉಸ್ತಾದರ ಬಳಿ ಹೋದ. ಕೆಲಸ ಕೈತಪ್ಪುತ್ತದೆಂದು ಗೊತ್ತಿದ್ದೂ ಅವರು ಕೊಟ್ಟರು. ಕೊಡುವಾಗ ಹೇಳಿದ್ದು ಇಷ್ಟು: "ಮಾಸ್ತರ, ಬಿಚ್ಚಲಿಕ್ಕ ಯಾರಿಗಾದ್ರೂ ಬರ್ತದ. ನಡುವ ಎಲ್ಲಿ ನಿಲ್ಲಬೇಕು ಅನ್ನೂದು ಗೊತ್ತಿರಬೇಕು."

ಮಾಡಬೇಕಾದ್ದನ್ನೆಲ್ಲ ಅವನು ಒಂದು ವಹಿಯಲ್ಲಿ ಮರಾಠಿಯಲ್ಲಿ ಬರೆದುಕೊಂಡ. ಮನೆಯಲ್ಲಿ ಆಡುವುದು ಕನ್ನಡ, ಬರೆಯಲು ಬರುವುದು ಮರಾಠಿ. ಉದಗೀರ, ನಿಲಂಗಾಗಳು 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಗಡಿಯ ಗೆರೆ ಸರಿದ ಮೇಲೆ ಎಷ್ಟೋ ಮನೆಗಳಲ್ಲಿ ಕನ್ನಡ ಬಾಯಲ್ಲಿ ಉಳಿಯಿತು, ಬೆರಳಿಗೆ ಇಳಿಯಲಿಲ್ಲ. ವಹಿಯ ಪ್ರತಿ ಸಾಲಿನ ಮುಂದೆ, ಕೆಲಸ ಮುಗಿದಾಗ ಟಿಕ್ ಹಾಕಲು ಒಂದು ಚೌಕ.

ರೇಡಿಯೇಟರಿನಿಂದ ಇಳಿಸಿದ ನೀರಿನಲ್ಲಿ ಹಳೆಯ ಕೂಲೆಂಟಿನ ಹಸಿರು ಇನ್ನೂ ಇತ್ತು. ಅದು ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಬೀದಿನಾಯಿ, ಕರುಗಳೆಲ್ಲ ಬಾಯಾರಿ ಅಲೆಯುತ್ತಿದ್ದ ಬೇಸಿಗೆ. ಪರಾತದ ಮೇಲೆ ಹಲಗೆ ಮುಚ್ಚಿ, ಹಲಗೆಯ ಮೇಲೆ ಕಲ್ಲು ಹೇರಿದ. ಹೆಡ್ಡು ಎತ್ತಿದ ಮೇಲೆ ಅದರ ಮುಖಕ್ಕೆ ನೇರ ಪಟ್ಟಿ ಹಿಡಿದು, ನಡುವೆ ಫೀಲರ್ ಗೇಜಿನ ಎಲೆ ತೂರಿಸಿ ನೋಡಿದ. 0.05 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. 0.10ರ ಎಲೆ ಸಲೀಸಾಗಿ ನುಸುಳಿತು. ಭಾನುವಾರದ ಸಂಜೆ. ಹಾಗೇ ಕೂರಿಸಿ ಮುಚ್ಚಿದ್ದರೆ ತಿಳಿಯುವವರಾರು? ಅವನು ಆ ಯೋಚನೆಯನ್ನೇ ಮಾಡಲಿಲ್ಲ. ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಸೋಲಾಪುರಕ್ಕೆ ಹೋಗಿ ಫೇಸಿಂಗ್ ಮಾಡಿಸಿ, ಮುಖ ಸಮ ಮಾಡಿಸಿಕೊಂಡು ಬಂದ.

ಪ್ರಕರಣ ಶುರುವಾಗುವುದು ಅದಾದ ಮೇಲೆ.

ಹೆಡ್ಡು ಕೂರಿಸುವ ಮುಂಚೆ ಬ್ಲಾಕಿನ ಬೋಲ್ಟು ತೂತುಗಳನ್ನು ಒಣಗಿಸಬೇಕು. ತಳದಲ್ಲಿ ನೀರು, ಎಣ್ಣೆ ನಿಂತಿದ್ದರೆ ಬೋಲ್ಟು ಇಳಿಯುವಾಗ ಅದಕ್ಕೆ ಹೋಗಲು ದಾರಿಯಿಲ್ಲ. ನೀರು ಅದುಮಿದರೆ ಕುಗ್ಗುವುದಿಲ್ಲ. ಬೋಲ್ಟು ಬಿಗಿಯಾಯಿತೆಂದು ರೆಂಚ್ ಸುಳ್ಳು ಹೇಳುತ್ತದೆ, ಕೆಲವೊಮ್ಮೆ ಬ್ಲಾಕೇ ಸೀಳುತ್ತದೆ. ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ ಅವನು ಒಂದೊಂದೇ ತೂತು ಒರೆಸುತ್ತಿದ್ದ. ಅಷ್ಟರಲ್ಲಿ ಓಣಿಗೆ ಟ್ಯಾಂಕರ್ ಬಂತು. ಆ ವರ್ಷ ಟ್ಯಾಂಕರ್ ಬಂತೆಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಕೊಡ ಹಿಡಿದು ಓಡಲೇಬೇಕು. ನೀರು ತುಂಬಿ ಬಂದವನು ಕೈ ಒರೆಸಿಕೊಂಡು ಗ್ಯಾಸ್ಕೆಟ್ ಇಟ್ಟ, ಹೆಡ್ಡು ಕೂರಿಸಿದ, ನಡುವಿನಿಂದ ಅಂಚಿಗೆ ಮೂರು ಸುತ್ತಿನಲ್ಲಿ ಬೋಲ್ಟು ಬಿಗಿದ. ರಾತ್ರಿ ವಹಿ ತೆಗೆದರೆ ತೂತುಗಳ ಸಾಲಿನ ಮುಂದಿನ ಚೌಕ ಖಾಲಿ. ಎಷ್ಟು ಒರೆಸಿದ್ದೆ, ಯಾವುದು ಬಿಟ್ಟಿದ್ದೆ, ನೆನಪಿಲ್ಲ.

ರಾತ್ರಿ ಹತ್ತಕ್ಕೆ ಕಲಬುರಗಿಯಲ್ಲಿದ್ದ ನನಗೆ ಅವನ ಫೋನು ಬಂತು. "ಚಾಲೂ ಮಾಡಿ ನೋಡು" ಅಂದೆ.

"ಅಣ್ಣಾ, ಚಾಲೂ ಆಗ್ತದ. ಅದೇ ತ್ರಾಸು."

ಆ ಮಾತಿನ ತೂಕ ನನಗೆ ಮರುದಿನ ಆಳಂದ ದಾಟಿ ಉಮರ್ಗಾಕ್ಕೆ ಹೋಗುವ ಬಸ್ಸಿನಲ್ಲಿ ಹತ್ತಿತು. ಚಾಲೂ ಆದರೆ ಯಾರೂ ಕೇಳುವುದಿಲ್ಲ. ಬಿರುಕು ಬಿಡುವುದಾದರೆ ಆರು ತಿಂಗಳ ಮೇಲೆ ಬಿಡುತ್ತದೆ, ನಡುರಾತ್ರಿ, ಹೆದ್ದಾರಿಯ ಲಾರಿಗಳ ನಡುವೆ. ಓಣಿಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೆ ಮೊದಲು ತಟ್ಟುವುದು ಆ ಗಾಡಿಯಿರುವ ಮನೆಯ ಬಾಗಿಲನ್ನೇ. ತಾನೇ ಮಾಡುವೆನೆಂದು ಹೊರಟವನು ಮಿಸ್ತ್ರಿಯ ಕೂಲಿಯನ್ನು ಉಳಿಸುವಾಗ ಮಿಸ್ತ್ರಿಯ ಹೊಣೆಯನ್ನೂ ಹೊರುತ್ತಾನೆ. ದೂರಲು ಆಮೇಲೆ ಇನ್ನೊಬ್ಬ ಇರುವುದಿಲ್ಲ.

ಅವನಿಗೆ ಇದು ನನಗಿಂತ ಬೇಗ ತಿಳಿದದ್ದಕ್ಕೆ ಕಾರಣವಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ ಅವನಿಗೆ ಹನ್ನೊಂದು ವರ್ಷ, ಊರು ಸಾಸ್ತೂರಿನ ಕಡೆಯ ಒಂದು ಹಳ್ಳಿ. ಹಿಂದಿನ ದಿನ ಗಣಪತಿ ಬಿಟ್ಟು ಬಂದು ಜನ ಮಲಗಿದ್ದರು. ಸುಮಾರು 10,000 ಜನ ಸತ್ತರು. ಅಲ್ಲಿನ ಗೋಡೆಗಳು ದಪ್ಪ, ಹೊರಮೈಯ ಕಲ್ಲು ನೋಡಲು ಚೆಂದ. ಆದರೆ ಹೊರಮುಖ ಒಂದು, ಒಳಮುಖ ಒಂದು, ನಡುವೆ ಮಣ್ಣು, ಚೂರುಗಲ್ಲು. ಎರಡೂ ಮುಖಗಳನ್ನು ಹಿಡಿದು ಕಟ್ಟುವ ಉದ್ದ ಕಲ್ಲು ಎಷ್ಟೋ ಗೋಡೆಗಳಲ್ಲಿ ಇರಲಿಲ್ಲ. ಮೇಲೆ ಮಣ್ಣಿನ ಮಾಳಿಗೆಯ ಭಾರ. ಕಟ್ಟಿದವರು ಮೋಸಗಾರರಲ್ಲ, ತಮಗೆ ಗೊತ್ತಿದ್ದಂತೆ ಕಟ್ಟಿದವರು. ಗೋಡೆಯ ಒಳಗು ಹೇಗಿತ್ತೆಂದು ಅವನು ಮೊದಲು ಕಂಡದ್ದು ಅದು ಬಿದ್ದ ಬೆಳಿಗ್ಗೆ. ಅವನಿಗೋ ತನ್ನ ಕೆಲಸದಲ್ಲಿ ಸಂಶಯವಿದೆ ಎಂದು ಗೊತ್ತಿತ್ತು. ಗೊತ್ತಿಲ್ಲದೆ ಮುಚ್ಚಿದ್ದಕ್ಕೂ ಗೊತ್ತಿದ್ದು ಮುಚ್ಚುವುದಕ್ಕೂ ನಡುವೆ ಬಹಳ ಅಂತರವಿದೆ.

ಒಂದೊಂದೇ ಬೋಲ್ಟು ತೆಗೆದು, ನೋಡಿ, ಮತ್ತೆ ಬಿಗಿದರಾಗದೇ ಎಂದು ಉಸ್ತಾದರನ್ನು ಕೇಳಿದೆವು. ಒಮ್ಮೆ ಅದುಮಿಸಿಕೊಂಡ ಗ್ಯಾಸ್ಕೆಟ್ಟನ್ನು ತಾವಾದರೆ ನಂಬುವುದಿಲ್ಲ ಎಂದರು. ಸರಿ, ಅಂಚಿನಿಂದ ನಡುವಿಗೆ ಬೋಲ್ಟು ಸಡಿಲಿಸಿ ಹೆಡ್ಡು ಎತ್ತಿದ. ನಾನು ಟಾರ್ಚ್ ಹಿಡಿದೆ. ಹೊಸ ಬಿಳಿ ಬಟ್ಟೆ ಸುತ್ತಿ ತೂತಿಗೆ ಇಳಿಸಿದ, ತಿರುವಿದ, ತೆಗೆದು ಬೆಳಕಿಗೆ ಹಿಡಿದ. ತುದಿ ಒಣಗಿತ್ತು. ಎರಡನೆಯದೂ. ಮೂರನೆಯದೂ. ಎಲ್ಲವೂ ಒಣಗಿದ್ದವು. ಟ್ಯಾಂಕರ್ ಬರುವ ಮೊದಲೇ ಒರೆಸಿ ಮುಗಿಸಿದ್ದ.

ಹಾಗಾದರೆ ಬಿಚ್ಚಿದ್ದು ವ್ಯರ್ಥವೇ? ಒಂದು ಗ್ಯಾಸ್ಕೆಟ್ ಹೋಯಿತು, ಒಂದು ರಜೆ ಹೋಯಿತು, ಮನೆಯಲ್ಲಿ ಮಾತು ಕೇಳಬೇಕಾಯಿತು. ಒಳಗೆ ನೀರು ಸಿಕ್ಕಿದ್ದರೆ ಎಲ್ಲರೂ ಅವನನ್ನು ಹೊಗಳುತ್ತಿದ್ದರು. ಸಿಗಲಿಲ್ಲವೆಂದು ಹುಚ್ಚ ಎಂದರು. ನಾನು ಹಾಗೆನ್ನಲಾರೆ. ಹಿಂದಿನ ರಾತ್ರಿ ಅವನ ಕೈಯಲ್ಲಿದ್ದದ್ದು ಖಾಲಿ ಚೌಕ ಮಾತ್ರ; ಅಷ್ಟನ್ನೇ ನೋಡಿ ತೀರ್ಮಾನಿಸಬೇಕಿತ್ತು, ಹಾಗೇ ತೀರ್ಮಾನಿಸಿದ. ಎರಡನೆಯ ಗ್ಯಾಸ್ಕೆಟ್ಟಿನ ದುಡ್ಡು ನಾನು ಕೊಡುತ್ತೇನೆ, ಕಾಸಾರ ಸಿರ್ಸಿಯಲ್ಲಿ ನಿಲ್ಲಿಸಬೇಡ ಎಂದವನು ನಾನೇ, ಅಂದೆ. "ಸ್ಟೇರಿಂಗ್ ನನ್ನ ಕೈಯಾಗಿತ್ತಲ್ಲ ಅಣ್ಣಾ" ಅಂದ, ತೆಗೆದುಕೊಳ್ಳಲಿಲ್ಲ.

ಬೆಂಕಿಯನ್ನೇ ಕಾಣದ ಆ ಗ್ಯಾಸ್ಕೆಟ್ ಅವನ ಪಡಸಾಲೆಯ ಗೂಟದಲ್ಲಿ ತೂಗುತ್ತದೆ. ದೀಪಾವಳಿಗೆ ಅದೇ ಗಾಡಿಯಲ್ಲಿ ಮತ್ತೆ ಉದಗೀರಕ್ಕೆ ಹೋದೆವು. ಕಾಸಾರ ಸಿರ್ಸಿ ಬಂದಾಗ ನನ್ನ ಕಣ್ಣು ಮುಳ್ಳಿನ ಮೇಲೆ ಹೋಯಿತು. ಅರ್ಧಕ್ಕಿಂತ ಕೆಳಗಿತ್ತು. ಅವನು ರಸ್ತೆ ನೋಡುತ್ತ ಓಡಿಸುತ್ತಿದ್ದ.