ಹಸಿರು ಫಲಕ ಮತ್ತು ನನ್ನ ಸಹಿ

ಕಳೆದ ಬೇಸಿಗೆಯಲ್ಲಿ ಭಾಯಿಜಾನ್ ಫೋನ್ ಮಾಡಿ, "ಒಂದು ಸಹಿ ಬೇಕಾಗಿದೆ, ಎರಡು ದಿನ ಬಿಡುವು ಮಾಡಿಕೊಂಡು ಬಾ" ಎಂದರು. ವಿಜಯಪುರದ ಬಜಾರಿನಲ್ಲಿ ನಮ್ಮ ದಾದಾ ಕಟ್ಟಿಸಿದ ಮನೆಯೊಂದಿದೆ. ಅಬ್ಬಾ ತೀರಿಕೊಂಡ ಮೇಲೆ ಅದರಲ್ಲಿ ಇಬ್ಬರು ಅಣ್ಣಂದಿರ ಜೊತೆ ನನಗೂ ಒಂದು ಪಾಲು ಉಂಟು. ಅದನ್ನು ಕೆಡವಿ ನಾಲ್ಕು ಅಂತಸ್ತಿನ ವಾಣಿಜ್ಯ ಸಂಕೀರ್ಣ ಕಟ್ಟಿಸುವುದೆಂದು ಅಣ್ಣಂದಿರು ತೀರ್ಮಾನಿಸಿದ್ದರು. ನನ್ನ ಸಹಿಯೊಂದು ಬಾಕಿಯಿತ್ತು.

ಹೋದೆ. ಚಹಾ ಮುಗಿದ ಮೇಲೆ ಭಾಯಿಜಾನರ ಮಗ ಲ್ಯಾಪ್‌ಟಾಪ್ ತೆರೆದು ಕೂತ. ಅವನು ವಾಸ್ತುಶಿಲ್ಪ ಓದಿದವನು, ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿ ಬಂದವನು. ಪರದೆಯ ಮೇಲೆ ಹೊಳೆಯುವ ಕಟ್ಟಡವೊಂದು ತಿರುಗತೊಡಗಿತು. ಕೆಳಗೆ ಅಂಗಡಿಗಳು, ಮೇಲೆ ಕಚೇರಿಗಳು, ತಾರಸಿಯಲ್ಲಿ ಸೌರ ಫಲಕಗಳು, ಮಳೆನೀರಿನ ತೊಟ್ಟಿ, ಬಳಸಿದ ನೀರನ್ನು ಶುದ್ಧಿ ಮಾಡುವ ಘಟಕ. "ಫುಪ್ಪು, ಇದು ಮಾಮೂಲಿ ಕಾಂಪ್ಲೆಕ್ಸ್ ಅಲ್ಲ. ಗ್ರೀನ್ ಬಿಲ್ಡಿಂಗ್. ಗೋಲ್ಡ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕುತ್ತೇವೆ. ಬಾಗಿಲಲ್ಲೇ ಫಲಕ ಇರುತ್ತದೆ" ಎಂದ. ಅವನ ಕಣ್ಣಲ್ಲಿ ಹಣದ ಆಸೆ ಇರಲಿಲ್ಲ, ನಿಜವಾದ ಹುರುಪು ಇತ್ತು. ಹಣದ ಮಾತನ್ನು ಭಾಯಿಜಾನ್ ಸೇರಿಸಿದರು: "ಫಲಕ ಇದ್ದರೆ ಬ್ಯಾಂಕಿನವರು, ಕಂಪನಿಯವರು ಬರುತ್ತಾರೆ. ಬಾಡಿಗೆ ಹೆಚ್ಚು ಸಿಗುತ್ತದೆ."

ನಾನು ಸಹಿ ಹಾಕದೆ ಊರಿಗೆ ಮರಳಿದೆ. ಹಠದಿಂದಲ್ಲ. ಮಗಳ ಓದಿಗೆ ನನಗೂ ಆ ಹಣ ಬೇಕಾಗಿಯೇ ಇದೆ. ಆದರೆ ಒಂದು ಪ್ರಶ್ನೆ ಮನಸ್ಸಿನಲ್ಲಿ ಕೂತುಬಿಟ್ಟಿತು. ಬಾಗಿಲಿಗೆ ಫಲಕ ಹಾಕಿಸಿಕೊಳ್ಳಲು ಮಾಡಿದ ಒಳ್ಳೆಯ ಕೆಲಸ, ಒಳ್ಳೆಯ ಕೆಲಸವೇ? ನಮ್ಮ ಮನೆಮಾತಿನಲ್ಲಿ ಇಂಥದ್ದಕ್ಕೆ ದಿಖಾವಾ ಎನ್ನುತ್ತಾರೆ. ತೋರಿಕೆ. ಹಿರಿಯರು ಈ ಮಾತನ್ನು ಮನುಷ್ಯರಿಗೆ ಹೇಳುತ್ತಿದ್ದರು. ಈಗ ಕಟ್ಟಡಗಳಿಗೂ ಹೇಳಬೇಕಾಗಿದೆಯೇ?

ತಿಳಿಯದೆ ಜರಿಯುವುದು ಸರಿಯಲ್ಲವೆಂದು ಈ ಪ್ರಮಾಣಪತ್ರದ ವ್ಯವಹಾರವನ್ನು ಓದಿಕೊಂಡೆ. ಅಮೆರಿಕದಲ್ಲಿ 1993ರಲ್ಲಿ ಹಸಿರು ಕಟ್ಟಡ ಮಂಡಳಿಯೊಂದು ಹುಟ್ಟಿತು. ಅದು ರೂಪಿಸಿದ ಅಂಕಪದ್ಧತಿಯ ಹೆಸರು ಲೀಡ್. ನಮ್ಮಲ್ಲಿ 2001ರಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿ ಆರಂಭವಾಯಿತು. ಹೈದರಾಬಾದಿನ ಸಿಐಐ-ಸೊಹ್ರಾಬ್ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರಿಗೆ 2003ರಲ್ಲಿ ಲೀಡ್‌ನ ಅತ್ಯುನ್ನತ ಶ್ರೇಣಿಯಾದ ಪ್ಲಾಟಿನಂ ದೊರೆಯಿತು. ಅಮೆರಿಕದ ಹೊರಗೆ ಆ ಶ್ರೇಣಿ ಪಡೆದ ಮೊದಲ ಕಟ್ಟಡ ಅದು. 2004ರ ಜುಲೈಯಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ಉದ್ಘಾಟಿಸಿದರು. ಮುಂದೆ ಟೇರಿ ಸಂಸ್ಥೆಯೂ ಕೇಂದ್ರ ಸರ್ಕಾರದ ನವೀಕರಿಸಬಹುದಾದ ಇಂಧನ ಸಚಿವಾಲಯವೂ ಸೇರಿ ನಮ್ಮ ಹವೆಗೆ ಹೊಂದುವ 'ಗೃಹ' ಎಂಬ ಪದ್ಧತಿಯನ್ನು ತಂದವು. ಅದು ಕಟ್ಟಡಗಳಿಗೆ ಒಂದರಿಂದ ಐದು ನಕ್ಷತ್ರ ಕೊಡುತ್ತದೆ.

ಹೈದರಾಬಾದಿನ ಆ ಕಟ್ಟಡದ ಚಿತ್ರಗಳನ್ನು ನೋಡುವಾಗ ನನಗೆ ನಗು ಬಂತು. ನಡುವೆ ತೆರೆದ ಅಂಗಳ, ಜಾಲಿ ಗೋಡೆ, ಗಾಳಿಯನ್ನು ಹಿಡಿದು ತಂಪಾಗಿಸಿ ಒಳಗೆ ಬಿಡುವ ಗೋಪುರ! ಇವುಗಳಲ್ಲಿ ಅಂಗಳವೂ ಜಾಲಿಯೂ ಯಾವ ಪ್ರಮಾಣಪತ್ರವೂ ಇಲ್ಲದೆ ನಮ್ಮ ಊರಿನ ಹಳೆಯ ಮನೆಗಳಲ್ಲಿದ್ದವು. ನಮ್ಮ ಊರು ನೀರಿನ ವಿಷಯದಲ್ಲೂ ಜಾಣ ಊರು. ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಕ್ಕೆ ಹರಿದು ಬರುತ್ತಿತ್ತು. ದಾರಿಯಲ್ಲಿ ಗಂಜ್ ಎಂಬ ಗೋಪುರಗಳು ನಿಂತು ನೀರಿನ ಒತ್ತಡವನ್ನು ಇಳಿಸುತ್ತಿದ್ದವು. ಆ ಗಂಜುಗಳಲ್ಲಿ ಕೆಲವು ಇಂದೂ ನಿಂತಿವೆ. ಅವುಗಳ ಕೆಲಸವೇನೆಂದು ಕೇಳಿದರೆ ಊರಿನವರಿಗೇ ಗೊತ್ತಿಲ್ಲ.

ಇನ್ನು ಅಂಕಗಳ ಲೆಕ್ಕ. ಲೀಡ್‌ನ 2009ರ ಆವೃತ್ತಿಯಲ್ಲಿ ಒಟ್ಟು 110 ಅಂಕ. 40 ಬಂದರೆ ಪಾಸು, 50ಕ್ಕೆ ಸಿಲ್ವರ್, 60ಕ್ಕೆ ಗೋಲ್ಡ್, 80 ದಾಟಿದರೆ ಪ್ಲಾಟಿನಂ. ವಿದ್ಯುತ್ತಿನ ಉಳಿತಾಯಕ್ಕೆ 19 ಅಂಕಗಳವರೆಗೆ ಸಿಗುತ್ತಿತ್ತು. ಸೈಕಲ್ ನಿಲ್ಲಿಸಲು ಜಾಗವೂ ಸ್ನಾನದ ಕೋಣೆಯೂ ಇದ್ದರೆ ಒಂದು. ಈ ಪದ್ಧತಿಯ ಪರೀಕ್ಷೆ ಪಾಸಾದ ತಜ್ಞನೊಬ್ಬ ತಂಡದಲ್ಲಿದ್ದರೆ ಅದಕ್ಕೂ ಒಂದು. ಹಳೆಯ ಕಟ್ಟಡದ ಗೋಡೆ, ನೆಲ, ಛಾವಣಿಗಳನ್ನು ಕೆಡವದೆ ಉಳಿಸಿಕೊಂಡರೆ? ಹೆಚ್ಚೆಂದರೆ ಮೂರು! ನಂತರದ ಆವೃತ್ತಿಯಲ್ಲಿ ಇದಕ್ಕೆ ತುಸು ಹೆಚ್ಚು ಬೆಲೆ ಬಂದಿದೆ, ನಿಜ. ಆದರೂ ಈ ಲೆಕ್ಕ ನೋಡಿ ನನಗೆ ಶಾಲೆಯ ದಿನಗಳು ನೆನಪಾದವು. ಪಾಠ ಅರ್ಥವಾಗದಿದ್ದರೂ ಒಂದೊಂದು ಅಂಕದ ಪ್ರಶ್ನೆಗಳನ್ನು ಹೆಕ್ಕಿ ಉತ್ತರಿಸಿ ಪಾಸಾಗುವ ಹುಡುಗರಿದ್ದರಲ್ಲ, ಹಾಗೆ.

ಇದನ್ನು ನಾನು ಸೋದರಳಿಯನಿಗೆ ಫೋನಿನಲ್ಲಿ ಹೇಳಿದೆ. ಅವನು ಸಿಟ್ಟಾಗಲಿಲ್ಲ. "ಫುಪ್ಪು, ಅಂಕ ಇರದಿದ್ದರೆ ಅಬ್ಬಾ ನೀರು ಶುದ್ಧಿ ಮಾಡುವ ಘಟಕಕ್ಕೆ ಒಂದು ರೂಪಾಯಿ ಬಿಚ್ಚುತ್ತಿದ್ದರೇ? ಕಟ್ಟಡ ಕೆಲಸದ ಕೂಲಿಗಳಿಗೆ ಕುಡಿಯುವ ನೀರು, ಶೌಚಾಲಯ ಕೊಡಬೇಕೆಂದು 'ಗೃಹ' ಪದ್ಧತಿಯಲ್ಲಿ ಹೇಳಿದೆ. ನಮ್ಮ ಊರಿನ ಯಾವ ಮಾಲೀಕ ತಾನಾಗಿಯೇ ಕೊಟ್ಟಿದ್ದಾನೆ? ನಿಯತ್ತು ಏನೇ ಇರಲಿ, ಕೆಲಸ ಆಗುತ್ತದಲ್ಲ?" ಎಂದ.

ಈ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಯಾಕೆ ಉಳಿಸಿದಿರಿ ಎಂದು ಮರ ನಮ್ಮನ್ನು ಕೇಳುವುದಿಲ್ಲ. ಶೌಚಾಲಯ ಸಿಕ್ಕ ಕೂಲಿಯ ಹೆಂಗಸಿಗೆ ಮಾಲೀಕನ ಮನಸ್ಸಿನಲ್ಲಿ ಏನಿತ್ತೆಂಬುದು ಬೇಕಾಗಿಲ್ಲ. ಬೆಂಗಳೂರಿನಲ್ಲಿ 2009ರಲ್ಲಿ ಕಾನೂನು ತಂದು ನಿರ್ದಿಷ್ಟ ಅಳತೆಯ ನಿವೇಶನಗಳಲ್ಲಿ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದರು. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪಿನಲ್ಲಿ ಮೇಲೆತ್ತಿ ತರುವ ನಗರ ಅದು. ಅಲ್ಲಿ ಜನರ ಮನಸ್ಸು ಶುದ್ಧವಾಗಲಿ ಎಂದು ಕಾಯುತ್ತ ಕೂರಲಾದೀತೇ? ಒಳ್ಳೆಯ ಮನಸ್ಸು ಎಲ್ಲರಲ್ಲೂ ಇಲ್ಲದ ಕಾರಣಕ್ಕೇ ಕಾನೂನು, ಬಹುಮಾನ, ಫಲಕ ಇವೆಲ್ಲ ಹುಟ್ಟಿದವು.

ಆದರೂ ಆ ಮಾತಿನಲ್ಲಿ ಏನೋ ಕೊರೆಯಿದೆ ಅನ್ನಿಸುತ್ತಿತ್ತು. ಅದು ಏನೆಂದು ತಿಳಿದದ್ದು ನಾನಿರುವ ಊರಿನ ಒಂದು ಕಟ್ಟಡದಿಂದ. ಹೆಸರು ಬೇಡ. ಅದರ ಬಾಗಿಲಲ್ಲೂ ಹಸಿರು ಫಲಕವಿದೆ. ಮಳೆಗಾಲದ ಒಂದು ಸಂಜೆ ಅದರ ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ತಾರಸಿಯಿಂದ ಇಳಿದ ಮಳೆನೀರಿನ ಕೊಳವೆ ಇಂಗುಗುಂಡಿಗೆ ಸೇರುವ ಕಡೆ ಮುರಿದಿತ್ತು. ನೀರೆಲ್ಲ ರಸ್ತೆಗೆ ಹರಿಯುತ್ತಿತ್ತು. ಗುಂಡಿಯ ತುಂಬ ಪ್ಲಾಸ್ಟಿಕ್ ಲೋಟಗಳು. ಕಾವಲುಗಾರನನ್ನು ಕೇಳಿದೆ. "ಮೇಡಂ, ಇನ್‌ಸ್ಪೆಕ್ಷನ್ ಟೈಮಲ್ಲಿ ಕ್ಲೀನ್ ಇತ್ತು" ಎಂದ.

ಅಂದು ನನಗೆ ಅರ್ಥವಾಯಿತು. ತೋರಿಕೆಯ ದೋಷ ಅದು ಮನಸ್ಸನ್ನು ಮಲಿನಗೊಳಿಸುತ್ತದೆ ಎಂಬುದಷ್ಟೇ ಅಲ್ಲ, ನೋಡುವವರು ಹೋದ ಕೂಡಲೇ ಅದು ನಿಂತುಹೋಗುತ್ತದೆ. ಪರೀಕ್ಷಕ ಬರುವುದು ಕೆಲವು ದಿನ, ಕಟ್ಟಡ ನಿಲ್ಲುವುದು ಐವತ್ತು ವರ್ಷ. ಆ ಐವತ್ತು ವರ್ಷ ಮುರಿದ ಕೊಳವೆಯನ್ನು ಯಾರು ಜೋಡಿಸುತ್ತಾರೆ? ಅಂಕ ಆಗಲೇ ಸಿಕ್ಕಿರುತ್ತದೆ. ಉಳಿಯುವುದು ನಿಯತ್ತು ಒಂದೇ.

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ನ್ಯೂಯಾರ್ಕಿನ ಬ್ಯಾಂಕ್ ಆಫ್ ಅಮೆರಿಕ ಗೋಪುರಕ್ಕೆ 2010ರಲ್ಲಿ ಪ್ಲಾಟಿನಂ ಸಿಕ್ಕಿತು. ದೊಡ್ಡ ಕಟ್ಟಡಗಳು ವರ್ಷವರ್ಷ ಬಳಸುವ ಇಂಧನದ ಲೆಕ್ಕವನ್ನು ಒಪ್ಪಿಸಬೇಕೆಂಬ ಕಾನೂನು ಆ ನಗರದಲ್ಲಿದೆ. ಆ ಲೆಕ್ಕ ಹೊರಬಂದಾಗ, ಈ ಗೋಪುರ ಚದರ ಅಡಿಗೆ ಬಳಸುವ ಇಂಧನ 1931ರ ಎಂಪೈರ್ ಸ್ಟೇಟ್ ಕಟ್ಟಡದ ಎರಡರಷ್ಟಕ್ಕೂ ಹೆಚ್ಚೆಂದು ಕಂಡುಬಂತು. ಕಟ್ಟಿದವರು ಸುಳ್ಳು ಹೇಳಿದ್ದರೆಂದಲ್ಲ. ಒಳಗೆ ಷೇರು ವಹಿವಾಟಿನ ಸಾಲುಸಾಲು ಕಂಪ್ಯೂಟರುಗಳು ಹಗಲಿರುಳು ನಡೆಯುತ್ತಿದ್ದವು. ಕಟ್ಟಡ ಹಸಿರಾಗಿತ್ತು, ಅದರೊಳಗಿನ ಬದುಕು ಅಲ್ಲ. ಇನ್ನೊಂದು ಉದಾಹರಣೆಯನ್ನೂ ಹೇಳಬೇಕು. ಹೈದರಾಬಾದಿನಲ್ಲಿ ಇನ್ಫೋಸಿಸ್‌ನವರು ಒಂದೇ ಕಟ್ಟಡದ ಅರ್ಧಕ್ಕೆ ಮಾಮೂಲಿ ಏಸಿ ಹಾಕಿ, ಇನ್ನರ್ಧಕ್ಕೆ ಕಾಂಕ್ರೀಟ್ ಛಾವಣಿಯೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸಿ ತಂಪು ಮಾಡಿದರು. ಎರಡನ್ನೂ ಅಳೆದಾಗ ತಣ್ಣೀರಿನ ಭಾಗದಲ್ಲಿ ತಂಪಿಗೆ ಸುಮಾರು ಮೂರನೇ ಒಂದರಷ್ಟು ಕಡಿಮೆ ವಿದ್ಯುತ್ ಸಾಕಾಯಿತು. ಅಳೆದು ತೋರಿಸಿದ ಈ ಕೆಲಸಕ್ಕೆ ನನ್ನ ಸಲಾಂ.

ಅಂಕಪಟ್ಟಿ ಕೇಳದ ಪ್ರಶ್ನೆಗಳೂ ಇವೆ. ನಮ್ಮ ಮನೆಯ ಕಲ್ಲುಗೋಡೆ ಎರಡು ಅಡಿ ದಪ್ಪ. ಮೇ ತಿಂಗಳಲ್ಲಿ ಹೊರಗೆ ಬೆಂಕಿ ಸುರಿದರೂ ಪಡಸಾಲೆ ತಂಪು. ಆ ಕಲ್ಲನ್ನು ಲಾರಿಯಲ್ಲಿ ಸಾಗಿಸಿ, ಅದೇ ಜಾಗದಲ್ಲಿ ಸಿಮೆಂಟು, ಉಕ್ಕು, ಗಾಜು ತಂದು ಪೇರಿಸುತ್ತೇವೆ. ಸಿಮೆಂಟಿಗಾಗಿ ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಡಬೇಕು. ಉರುವಲಿನ ಹೊಗೆಯ ಜೊತೆಗೆ ಆ ಕಲ್ಲಿನೊಳಗಿನ ಇಂಗಾಲವೂ ಗಾಳಿಗೆ ಸೇರುತ್ತದೆ. ಮುಂದೆ ಸೌರ ಫಲಕ ಉಳಿಸುವ ವಿದ್ಯುತ್ತು ಈ ಸಾಲವನ್ನು ತೀರಿಸಲು ಎಷ್ಟು ವರ್ಷ ಬೇಕು? ಮೊದಲ ಪ್ರಶ್ನೆ, ಹೇಗೆ ಕಟ್ಟಬೇಕು ಎಂಬುದಲ್ಲ, ಇಷ್ಟು ಕಟ್ಟಬೇಕೇ ಎಂಬುದು. ಈ ಪ್ರಶ್ನೆಗೆ ಯಾರೂ ಅಂಕ ಇಟ್ಟಿಲ್ಲ.

ಇನ್ನೊಂದು ಪ್ರಶ್ನೆ ನಮ್ಮ ಮನೆಯ ಮುಂಭಾಗದ ಎರಡು ಮಳಿಗೆಗಳದ್ದು. ಒಂದರಲ್ಲಿ ದರ್ಜಿ, ಇನ್ನೊಂದರಲ್ಲಿ ಬಳೆ ಮಾರುವ ಮುದುಕಿ. ಅಬ್ಬಾ ಇದ್ದಾಗಿನಿಂದ ಅಲ್ಪ ಬಾಡಿಗೆ. ನಾನು ಹೊರಡುವಾಗ ದರ್ಜಿ ನಿಲ್ಲಿಸಿ ಕೇಳಿದ: "ಅಕ್ಕಾರ, ಹಸರ ಬಿಲ್ಡಿಂಗ ಅಂತಾರ, ಭಾಳ ಛಲೋ ಆತು. ಆದ್ರ ನನ್ನ ಮಷಿನ್ ಎಲ್ಲಿ ಇಡ್ಲಿ?" ಫಲಕದಿಂದ ಬಾಡಿಗೆ ಏರುತ್ತದೆಂದರೆ, ಅದನ್ನು ಕೊಡಲಾರದವನು ಹೊರಗೆ ಹೋಗುತ್ತಾನೆ ಎಂದೇ ಅರ್ಥ. ಒಬ್ಬ ಬಡವನ ನೆರಳನ್ನು ಕಿತ್ತು ಕಟ್ಟಿದ ತಂಪಿಗೆ ಯಾವ ಬಣ್ಣ ಹೇಳಬೇಕು?

ಇಷ್ಟು ಬರೆದು ಎದ್ದಿದ್ದರೆ ನಾನು ಹಳೆಯ ಮನೆಯ ಹಾಡು ಹಾಡಿದ ಹಾಗಾಗುತ್ತಿತ್ತು. ಅಮ್ಮಿಯ ನೆನಪು ಬಂದು ತಡೆಯಿತು. ಆ ಮನೆ ತಂಪಾಗಿತ್ತು, ಆದರೆ ಅಡುಗೆಮನೆ ಹಿಂಭಾಗದ ಕತ್ತಲಲ್ಲಿತ್ತು. ಬೆಳಕಿಂಡಿಯೊಂದೇ ಅದರ ಕಿಟಕಿ. ಒಲೆಯ ಹೊಗೆಯಲ್ಲಿ ಅಮ್ಮಿ ಕೆಮ್ಮುತ್ತಿದ್ದುದು ಪಡಸಾಲೆಯ ಗಂಡಸರಿಗೆ ಕೇಳಿಸುತ್ತಿರಲಿಲ್ಲ. ಬಾವಿಯಿಂದ ನೀರು ಸೇದಿದ್ದು ಅಮ್ಮಿ ಮತ್ತು ಫುಪ್ಪಮ್ಮ. ಸೇದುವ ಕೈಗೆ ನೋವಾಗುವುದರಿಂದ ಒಂದು ಚೊಂಬು ನೀರೂ ವ್ಯರ್ಥವಾಗುತ್ತಿರಲಿಲ್ಲ. ಬಟ್ಟೆ ಒಗೆದ ನೀರು ಅಂಗಳ ತೊಳೆಯಲು, ತರಕಾರಿ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹೊರಬೇಕಿತ್ತು. ಹೊತ್ತದ್ದು ಕೂಲಿಯ ಹೆಂಗಸರು. ಇಂದು ನಾವು ಹೊಗಳುವ ಹಳೆಯ ಕಾಲದ ಹಸಿರಿನ ಬಹುಪಾಲು ಹೆಂಗಸರ ಬೆನ್ನ ಮೇಲೆ ನಿಂತಿತ್ತು. ಅವರಿಗೆ ಯಾರೂ ಗೋಲ್ಡ್ ಕೊಡಲಿಲ್ಲ. ಆದ್ದರಿಂದ ಹಳೆಯದೆಲ್ಲ ಪುಣ್ಯ, ಹೊಸದೆಲ್ಲ ತೋರಿಕೆ ಎಂದು ನಾನು ಹೇಳಲಾರೆ. ಪಂಪು, ಬೆಳಕು, ಗಾಳಿಯಾಡುವ ಕೋಣೆ ನನ್ನ ಮಗಳಿಗೂ ಬೇಕು, ಆ ಕಟ್ಟಡವನ್ನು ಗುಡಿಸುವ ಹೆಂಗಸಿಗೂ ಬೇಕು.

ಹಾಗಾದರೆ ಏನು ಮಾಡಬೇಕು? ಭಾಯಿಜಾನರಿಗೆ ಒಂದು ಕಾಗದ ಬರೆದೆ. ನನ್ನ ಪಾಲಿನ ಸಹಿಗೆ ನಾಲ್ಕು ಷರತ್ತು. ಮುಂಭಾಗದ ಕಲ್ಲುಗೋಡೆ, ನಡುವಿನ ಅಂಗಳ, ಅದರ ಬಾವಿ ಮತ್ತು ಬೇವಿನ ಮರ ಉಳಿಯಬೇಕು. ಪಶ್ಚಿಮದ ಗಾಜಿನ ಗೋಡೆ ಬೇಡ, ಸಜ್ಜಾ ಮತ್ತು ಜಾಲಿ ಸಾಕು. ದರ್ಜಿಗೂ ಬಳೆಯ ಮುದುಕಿಗೂ ಅವರು ಕೊಡಬಲ್ಲ ಬಾಡಿಗೆಗೆ ಎರಡು ಮಳಿಗೆ ಇರಬೇಕು. ಕೊನೆಯದು, ಬಾಗಿಲಲ್ಲಿ ಹಸಿರು ಫಲಕ ಹಾಕುವುದಾದರೆ ಅದರ ಪಕ್ಕದಲ್ಲೇ ಇನ್ನೊಂದು ಹಲಗೆ ಇಟ್ಟು, ಕಟ್ಟಡ ಬಳಸಿದ ನೀರು ಮತ್ತು ವಿದ್ಯುತ್ತಿನ ಲೆಕ್ಕವನ್ನು ವರ್ಷವರ್ಷ ಬರೆಯಬೇಕು. ತೋರಿಸುವುದೇ ಆದರೆ ಪೂರ್ತಿ ತೋರಿಸೋಣ.

ಭಾಯಿಜಾನ್ ಎರಡು ತಿಂಗಳು ಮಾತಾಡಲಿಲ್ಲ. "ಕಥೆ ಬರೆಯುವವರ ಕೈಗೆ ಆಸ್ತಿ ಸಿಗಬಾರದು" ಎಂದು ಯಾರಲ್ಲೋ ಹೇಳಿದರಂತೆ. ಆದರೆ ಹುಡುಗ ಮತ್ತೆ ನಕ್ಷೆ ಬರೆದ. ಒಂದು ಅಂತಸ್ತು ಕಡಿಮೆಯಾಗಿದೆ. ಕಳೆದ ವಾರ ಫೋನ್ ಮಾಡಿದ್ದ. "ಫುಪ್ಪು, ಮರ ಉಳಿಯಿತು, ಬಾವಿ ಉಳಿಯಿತು. ಈ ಲೆಕ್ಕದಲ್ಲಿ ಗೋಲ್ಡ್ ಅನುಮಾನ, ಸಿಲ್ವರ್ ಬರಬಹುದು. ಲೆಕ್ಕದ ಹಲಗೆಗೆ ಅಬ್ಬಾ ಒಪ್ಪಿದ್ದಾರೆ. ದರ್ಜಿಯ ಬಾಡಿಗೆ ಮಾತ್ರ ಇನ್ನೂ ಮಾತಿನಲ್ಲಿದೆ."

ಒಂದು ಅಂತಸ್ತು ಕಡಿಮೆಯಾದರೆ ನನ್ನ ಪಾಲೂ ಕಡಿಮೆಯೇ. ಮಗಳಿಗೆ ಅದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಸ್ಟೆಲ್ ಬದಲು ಖಾಲಾ ಮನೆಯಲ್ಲಿದ್ದು ಓದುತ್ತೇನೆ" ಎಂದಳು. ಕಾಗದ ಇನ್ನೂ ನನ್ನ ಕಪಾಟಿನಲ್ಲಿದೆ. ದರ್ಜಿಯ ಮಾತು ಮುಗಿದ ದಿನ ಸಹಿ ಹಾಕುತ್ತೇನೆ.